ಕೊಟ್ಟದ್ದು ಉಳಿಯಬೇಕಾದರೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಶಾಲೆಯೊಂದರ ಸುವರ್ಣ ಮಹೋತ್ಸವ ಎಂದರೆ ಮೂರು ಕೆಲಸ ಆಗೇ ಆಗುತ್ತವೆ. ಗುರುವಂದನೆ ನಡೆಯುತ್ತದೆ, ಸ್ಮರಣ ಸಂಚಿಕೆ ಬರುತ್ತದೆ, ದೇಣಿಗೆ ಸೇರುತ್ತದೆ. ಮೊದಲ ಎರಡರ ಬಗ್ಗೆ ನನಗಿಂತ ಚೆನ್ನಾಗಿ ಮಾತನಾಡುವವರು ಇಲ್ಲಿದ್ದಾರೆ. ನಾನು ಮೂರನೆಯದರ ಬಗ್ಗೆ ಮಾತನಾಡಲು ಒಪ್ಪಿಕೊಂಡಿದ್ದೇನೆ. ತಂದೆ ತಾಯಿಯ ಹೆಸರಿನಲ್ಲಿ ಬಹುಮಾನ ಇಡಬೇಕು, ಕೊಠಡಿ ಕಟ್ಟಿಸಬೇಕು, ಬಡ ಮಕ್ಕಳ ಫೀಸಿಗೆ ದುಡ್ಡು ಕೊಡಬೇಕು ಎಂದು ಹಲವು ಕುಟುಂಬಗಳು ಮುಂದೆ ಬಂದಿವೆ. ಬಹಳ ಸಂತೋಷದ ವಿಷಯ. ಈ ಸಂತೋಷ ಇನ್ನೂ ಐವತ್ತು ವರ್ಷ ಉಳಿಯಬೇಕಾದರೆ ಏನು ಮಾಡಬೇಕು ಎಂಬುದೇ ನನ್ನ ಮಾತಿನ ವಿಷಯ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕೊಡುವುದು ಒಬ್ಬರ ಕೆಲಸ. ಕೊಟ್ಟದ್ದನ್ನು ಉಳಿಸುವುದು ಮನೆಯವರೆಲ್ಲರ ಕೆಲಸ. ಕೊಡುವ ದಿನವೇ ಈ ಎರಡನೆಯ ಕೆಲಸಕ್ಕೂ ಏರ್ಪಾಡು ಮಾಡದಿದ್ದರೆ, ಕೊಟ್ಟವರ ಹೆಸರು ಗೋಡೆಯ ಕಲ್ಲಿನಲ್ಲಿ ಉಳಿಯುತ್ತದೆ, ಕೊಟ್ಟದ್ದು ಉಳಿಯುವುದಿಲ್ಲ.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲಿ ಹೊಸದಾಗಿ ಬರೆಯುವವರಿಗೆ ಹೆಸರು ಜಾಸ್ತಿ. ಆದರೆ ಬರೆದದ್ದನ್ನು ಹತ್ತು ವರ್ಷ ಕೆಡದ ಹಾಗೆ ನಡೆಸಿಕೊಂಡು ಹೋಗುವುದಕ್ಕೆ ಅದಕ್ಕಿಂತ ಹೆಚ್ಚು ದುಡಿಮೆ ಬೇಕು. ಬರೆದವನು ಕೆಲಸ ಬಿಟ್ಟು ಹೋದ ಮೇಲೂ ಅದು ನಡೆಯಬೇಕಾದರೆ ಅವನ ತಲೆಯಲ್ಲಿದ್ದದ್ದು ಕಾಗದಕ್ಕೆ ಇಳಿದಿರಬೇಕು. ದಾನದ ವಿಷಯವೂ ಹೀಗೆಯೇ.

ಇದೇನೂ ಹೊಸ ತಿಳಿವಳಿಕೆ ಅಲ್ಲ. ನಮ್ಮ ತಾಲ್ಲೂಕಿನ ಮಣ್ಣೆಯನ್ನೇ ನೋಡಿ. ಗಂಗರ ಶ್ರೀಪುರುಷನ ಕಾಲದಲ್ಲಿ ಅದು ಮಾನ್ಯಪುರ, ರಾಜನ ಬೀಡು. ಅಲ್ಲಿ ದೊರೆತ ಕ್ರಿ.ಶ. 797ರ ತಾಮ್ರಪಟದಲ್ಲಿ, ಮಾರಸಿಂಹನ ಸೇನಾಪತಿ ಶ್ರೀವಿಜಯನು ಮಾನ್ಯಪುರದಲ್ಲಿ ಬಸದಿ ಕಟ್ಟಿಸಿದ್ದೂ ಅದಕ್ಕೆ ಹಳ್ಳಿಯೊಂದನ್ನು ದತ್ತಿ ಬಿಟ್ಟದ್ದೂ ದಾಖಲಾಗಿದೆ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಒಂಬತ್ತನೆಯ ಸಂಪುಟದಲ್ಲಿ ನೆಲಮಂಗಲ ತಾಲ್ಲೂಕಿನ ಶಾಸನಗಳಿವೆ. ನಮ್ಮ ನಾಡಿನ ದಾನಶಾಸನಗಳನ್ನು ಓದಿದರೆ ಅವುಗಳಿಗೆ ಒಂದು ಕ್ರಮ ಇರುವುದು ಕಾಣುತ್ತದೆ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವ ಕೆಲಸಕ್ಕೆ ಕೊಟ್ಟರು, ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಸಾಕ್ಷಿ ಯಾರು. ಕೊನೆಯಲ್ಲಿ, ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ಘೋರ ಶಾಪ. ಕಿತ್ತುಕೊಳ್ಳುವವನು ಹೊರಗಿನವನೇ ಆಗಬೇಕಿಲ್ಲ, ಕೊಟ್ಟವನ ವಂಶದವನೇ ಆಗಬಹುದು ಎಂಬುದು ಬರೆಸಿದವರಿಗೆ ಗೊತ್ತಿತ್ತು. ದಾನ ಮಾಡುವುದು, ದಾನವನ್ನು ಕಾಪಾಡುವುದು, ಎರಡರಲ್ಲಿ ಕಾಪಾಡುವುದೇ ಹೆಚ್ಚಿನ ಪುಣ್ಯ ಎಂಬ ಅರ್ಥದ ಮಾತು ಎಷ್ಟೋ ಶಾಸನಗಳಲ್ಲಿ ಬರುತ್ತದೆ.

ಈಗ ನಮ್ಮ ಕಾಲಕ್ಕೆ ಬರೋಣ. ಐವತ್ತು ಅರವತ್ತು ವರ್ಷಗಳ ಹಿಂದೆ ಹಳ್ಳಿಗೆ ಶಾಲೆ ಬಂತು ಎಂದರೆ ಊರಿನ ಯಾರೋ ಒಬ್ಬರು ಜಾಗ ಬಿಟ್ಟುಕೊಡುತ್ತಿದ್ದರು. ಪಂಚಾಯಿತಿ ಕಟ್ಟೆಯಲ್ಲಿ ನಾಲ್ಕು ಜನರ ಮುಂದೆ "ಶಾಲೆಗೆ ಬಿಟ್ಟಿದ್ದೀನಿ" ಎಂದರೆ ಮುಗಿಯಿತು. ಆ ಮಾತಿಗೆ ಬೆಲೆ ಇತ್ತು, ಆಗ ಜಮೀನಿಗೆ ಅಷ್ಟು ಬೆಲೆ ಇರಲಿಲ್ಲ. ಇವತ್ತು ಹೆದ್ದಾರಿ ಎರಡೂ ಕಡೆ ಹಬ್ಬಿದೆ, ಲೇಔಟುಗಳು, ಗೋದಾಮುಗಳು ಬಂದಿವೆ, ಗುಂಟೆ ಲೆಕ್ಕದಲ್ಲಿ ದರ ಹೇಳುತ್ತಾರೆ. ಬಿಟ್ಟುಕೊಟ್ಟ ಅಜ್ಜ ಇಲ್ಲ, ಕಟ್ಟೆಯ ಮೇಲೆ ಕುಳಿತಿದ್ದ ನಾಲ್ಕು ಜನವೂ ಇಲ್ಲ. ಪಹಣಿಯಲ್ಲಿ ಮಾತ್ರ ಅಜ್ಜನ ಹೆಸರೇ ಇದೆ. ಮೊಮ್ಮಕ್ಕಳು ಭಾಗ ಮಾಡಿಕೊಳ್ಳುವಾಗ ಆ ಜಾಗವೂ ಪಟ್ಟಿಗೆ ಬರುತ್ತದೆ. ರಾಜ್ಯದ ಎಷ್ಟೋ ಸರ್ಕಾರಿ ಶಾಲೆಗಳ ಜಾಗ ಇಂದಿಗೂ ಶಾಲೆಯ ಹೆಸರಿನಲ್ಲಿ ಇಲ್ಲ. ಇದಕ್ಕೆ ಮೊಮ್ಮಕ್ಕಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ, ಯಾರೂ ಬರೆದಿಟ್ಟಿರಲಿಲ್ಲ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 123ನೆಯ ಕಲಂ ಪ್ರಕಾರ, ಸ್ಥಿರಾಸ್ತಿಯನ್ನು ದಾನ ಕೊಡುವುದಾದರೆ ದಾನಪತ್ರ ನೋಂದಣಿ ಆಗಬೇಕು, ಕಡಿಮೆ ಎಂದರೂ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಪಿತ್ರಾರ್ಜಿತ ಆಸ್ತಿಯಾದರೆ ಎಲ್ಲ ಹಕ್ಕುದಾರರನ್ನೂ ಕೂರಿಸಿ ಸಹಿ ಹಾಕಿಸುವುದೇ ಕ್ಷೇಮ. ಎಲ್ಲ ಹಕ್ಕುದಾರರು ಎಂದರೆ ಹೆಣ್ಣುಮಕ್ಕಳೂ ಸೇರಿದಂತೆ. ಹಿಂದೂ ಕುಟುಂಬಗಳಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿಯೇ ಬಂತು, ಇಡೀ ದೇಶಕ್ಕೆ 2005ರಲ್ಲಿ ಬಂತು. ದಾನಪತ್ರ ಆದ ಮೇಲೂ ಕೆಲಸ ಮುಗಿಯುವುದಿಲ್ಲ. ಮ್ಯುಟೇಶನ್ ಆಗಿ ಪಹಣಿಯಲ್ಲಿ, ಇಲ್ಲವೇ ಪಂಚಾಯಿತಿ ಅಥವಾ ನಗರಸಭೆಯ ಖಾತೆಯಲ್ಲಿ ಶಾಲೆಯ ಹೆಸರು ಬರಬೇಕು. ಶಾಲೆಗೆ ಜಾಗ ಕೊಟ್ಟ ಮನೆತನದವರು ಯಾವ ಊರಿನಲ್ಲೇ ಇರಲಿ, ಅವರಿಗೆ ನನ್ನದೊಂದು ವಿನಂತಿ. ನಿಮ್ಮ ಹಿರಿಯರು ಬಾಯಿಮಾತಿನಲ್ಲಿ ಕೊಟ್ಟದ್ದನ್ನು ನೀವು ಕಾಗದದಲ್ಲಿ ಕೊಟ್ಟು ಮುಗಿಸಿ. ಹಾಗೆ ಮಾಡಿದರೆ ಒಂದೇ ಜಾಗವನ್ನು ಎರಡು ಸಲ ದಾನ ಮಾಡಿದ ಪುಣ್ಯ ನಿಮ್ಮ ಮನೆತನಕ್ಕೆ.

ಇನ್ನು ಚೆನ್ನಾಗಿ ಉಳಿದು ಬಂದ ದಾನಗಳನ್ನು ನೋಡೋಣ. ನೆಲಮಂಗಲದಿಂದ ಮೆಜೆಸ್ಟಿಕ್ಕಿಗೆ ಬಸ್ಸಿನಲ್ಲಿ ಹೋಗುವ ನಮಗೆಲ್ಲ ತೋಟದಪ್ಪನವರ ಛತ್ರ ಗೊತ್ತು. ಗುಬ್ಬಿಯಲ್ಲಿ 1838ರಲ್ಲಿ ಹುಟ್ಟಿದ ತೋಟದಪ್ಪನವರು ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಸಂಪಾದಿಸಿದವರು. ಅವರಿಗೆ ಮಕ್ಕಳಿರಲಿಲ್ಲ. ರೈಲು ನಿಲ್ದಾಣದ ಹತ್ತಿರ ಎರಡೂವರೆ ಎಕರೆ ಜಾಗ ಕೊಂಡು ಪ್ರಯಾಣಿಕರಿಗೆ ಧರ್ಮಛತ್ರ, ವಿದ್ಯಾರ್ಥಿಗಳಿಗೆ ಉಚಿತ ವಿದ್ಯಾರ್ಥಿನಿಲಯ ಕಟ್ಟಿಸಿದರು. 1903ರಲ್ಲಿ ಮೈಸೂರು ಮಹಾರಾಜರಿಂದ ಅದರ ಉದ್ಘಾಟನೆ ಆಯಿತು.

ಕಟ್ಟಡದಷ್ಟೇ ಮುಖ್ಯವಾದದ್ದು ಅವರು ಮಾಡಿಟ್ಟ ಏರ್ಪಾಡು. ತಮ್ಮ ಆಸ್ತಿಯನ್ನು ಒಂದು ಟ್ರಸ್ಟಿಗೆ ಒಪ್ಪಿಸಿದರು. ಆ ಟ್ರಸ್ಟಿನ ಮೊದಲ ಅಧ್ಯಕ್ಷರನ್ನಾಗಿ ಕೆ.ಪಿ. ಪುಟ್ಟಣ್ಣ ಚೆಟ್ಟಿ ಅವರನ್ನು ನೇಮಿಸಿದರು. ಇಂದು ಬೆಂಗಳೂರಿನ ಪುರಭವನಕ್ಕೆ ಹೆಸರಾಗಿರುವವರು ಅವರೇ. ಛತ್ರದಲ್ಲಿ ಉಳಿಯುವವರೂ ವಿದ್ಯಾರ್ಥಿನಿಲಯದ ಹುಡುಗರೂ ಹೇಗಿರಬೇಕು ಎಂಬ ನಿಯಮಗಳನ್ನು ಬರೆದಿಟ್ಟರು. ತಾವು ಹೋದ ಮೇಲೂ ಖರ್ಚು ನಡೆಯಲಿ ಎಂದು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಹಣ ಇಟ್ಟರು. 1910ರಲ್ಲಿ ತೀರಿಕೊಂಡರು. ಅವರು ಹೋಗಿ ನೂರು ವರ್ಷ ದಾಟಿದರೂ ಛತ್ರ ನಡೆಯುತ್ತಿದೆ, ಅಲ್ಲಿ ಇದ್ದುಕೊಂಡು ಓದಿ ಮುಂದೆ ಬಂದವರು ನಾಡಿನ ತುಂಬ ಇದ್ದಾರೆ.

ಗಮನಿಸಿ, ನಾಲ್ಕೇ ಸಂಗತಿ. ಆಸ್ತಿ ಯಾರ ಹೆಸರಿನಲ್ಲಿ, ನೋಡಿಕೊಳ್ಳುವವರು ಯಾರು, ನಿಯಮ ಏನು, ಪ್ರತಿ ವರ್ಷದ ಖರ್ಚಿಗೆ ಹಣ ಎಲ್ಲಿಂದ. ಮಕ್ಕಳಿಲ್ಲದ ತೋಟದಪ್ಪನವರು ಈ ನಾಲ್ಕಕ್ಕೂ ಉತ್ತರ ಬರೆದಿಡಬೇಕಾಯಿತು. ಮಕ್ಕಳಿರುವ ನಾವು "ಹುಡುಗರು ನೋಡಿಕೊಳ್ಳುತ್ತಾರೆ ಬಿಡಿ" ಎಂದು ಸುಮ್ಮನಾಗುತ್ತೇವೆ. ಎಡವುವುದು ಅಲ್ಲಿಯೇ.

ಮಕ್ಕಳು ನೋಡಿಕೊಂಡದ್ದಕ್ಕೂ ನಮ್ಮ ಹತ್ತಿರದಲ್ಲೇ ಉದಾಹರಣೆ ಇದೆ. ಯಶವಂತಪುರದ ಆಚೆ ಇರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಮ್ಮ ಹಿರಿಯರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ಜೆಮ್‌ಶೆಟ್‌ಜಿ ಟಾಟಾ ಅವರು ಇಂಥದೊಂದು ಸಂಸ್ಥೆಗಾಗಿ ತಮ್ಮ ಸಂಪತ್ತಿನಲ್ಲಿ ದೊಡ್ಡ ಪಾಲನ್ನು, ಮುಂಬಯಿಯ ತಮ್ಮ ಕಟ್ಟಡಗಳನ್ನು, ತೆಗೆದಿರಿಸಿದರು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗುವುದು ತಡವಾಯಿತು. 1904ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಸಂಸ್ಥೆ ಇನ್ನೂ ಕಾಗದದ ಮೇಲಿತ್ತು. ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿ "ಅಪ್ಪ ಹೋದರು, ಮಾತೂ ಹೋಯಿತು" ಎನ್ನಬಹುದಿತ್ತು. ಹಾಗೆ ಮಾಡಲಿಲ್ಲ. ತಂದೆಯ ಮಾತನ್ನು ನಡೆಸಿದರು. ಮೈಸೂರು ಸಂಸ್ಥಾನ ಸುಮಾರು 370 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಸಂಸ್ಥೆ ಹುಟ್ಟಿತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಮುಂದೆ ಆ ಇಬ್ಬರು ಅಣ್ಣತಮ್ಮಂದಿರ ಸಂಪತ್ತೂ ಅವರವರ ಹೆಸರಿನ ಟ್ರಸ್ಟುಗಳಿಗೆ ಹೋಯಿತು. ಇವತ್ತು ಟಾಟಾ ಸನ್ಸ್ ಕಂಪನಿಯ ಸುಮಾರು ಶೇ 66ರಷ್ಟು ಪಾಲು ಇಂಥ ಟ್ರಸ್ಟುಗಳ ಕೈಯಲ್ಲಿದೆ. ಕಂಪನಿ ಲಾಭ ಮಾಡಿದಷ್ಟೂ ದಾನ ನಡೆಯುತ್ತದೆ.

ದೊಡ್ಡವರ ಮಾತಾಯಿತು, ನಮ್ಮೂರಿನ ಮಾತು ಹೇಳಿ ಎನ್ನುತ್ತೀರಿ. ನಮ್ಮ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ ನೆಲೆಸಿದ್ದ ಹಿರಿಯ ಕಲಾವಿದೆ ಡಾ. ಎಂ. ಲೀಲಾವತಿ ಅವರನ್ನು ನೆನೆಯೋಣ. ಸುತ್ತಲಿನ ಹಳ್ಳಿಯವರಿಗಾಗಿ ಅಲ್ಲಿ ಸ್ವಂತ ಹಣದಲ್ಲಿ ಆಸ್ಪತ್ರೆ ಕಟ್ಟಿಸಿದರು. ಮುಂದೆ ದನಕರುಗಳಿಗೂ ಒಂದು ಪಶು ಆಸ್ಪತ್ರೆ ಕಟ್ಟಿಸಿದರು. ಅದರ ಉದ್ಘಾಟನೆ ಆದ ಕೆಲವೇ ದಿನಗಳಲ್ಲಿ, 2023ರ ಡಿಸೆಂಬರ್ 8ರಂದು, ಅವರು ತೀರಿಕೊಂಡರು. ತಾಯಿ ಮಾಡಿದ ಈ ಕೆಲಸಗಳಲ್ಲಿ ಮಗ ವಿನೋದ್ ರಾಜ್ ಜೊತೆಗೆ ನಿಂತಿದ್ದನ್ನು ನಾವೆಲ್ಲ ಕಂಡಿದ್ದೇವೆ. ಹಸು ಕಟ್ಟಿದವರಿಗೆ ಪಶು ಆಸ್ಪತ್ರೆಯ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ. ಆದರೆ ಆಸ್ಪತ್ರೆ ಎಂದರೆ ಗೋಡೆ, ಚಾವಣಿ ಮಾತ್ರ ಅಲ್ಲ. ಡಾಕ್ಟರ್ ಬರಬೇಕು, ಔಷಧಿ ಇರಬೇಕು, ಕರೆಂಟು ಬಿಲ್ ಕಟ್ಟಬೇಕು. ಕಟ್ಟಡ ಕೊಟ್ಟವರು ಒಬ್ಬರು, ನಡೆಸುವವರು ಸರ್ಕಾರ ಎಂದಾಗ, ಕೊಟ್ಟ ಮನೆಯವರೂ ಊರಿನವರೂ ವರ್ಷಕ್ಕೆ ನಾಲ್ಕು ಸಲ ಹೋಗಿ "ಹೇಗಿದೆ" ಎಂದು ಕೇಳಬೇಕು. ದಾನ ಕೊಟ್ಟವರಿಗೆ ವಿಚಾರಿಸುವ ಹಕ್ಕೂ ಇದೆ, ವಿಚಾರಿಸುವ ಹೊಣೆಯೂ ಇದೆ. ಶಾಲೆಗೆ ಕೊಠಡಿ ಕಟ್ಟಿಸಿ ಕೊಡುವವರು ಈ ಮಾತನ್ನು ನೆನಪಿಡಿ. ಸುಣ್ಣ ಬಣ್ಣಕ್ಕೆ, ಸೋರುವ ಚಾವಣಿಗೆ, ಮುರಿದ ಬಾಗಿಲಿಗೆ ದುಡ್ಡು ಎಲ್ಲಿಂದ ಎಂಬುದನ್ನೂ ಕಟ್ಟುವಾಗಲೇ ಯೋಚಿಸಿ.

ಇಲ್ಲಿ ಕುಳಿತಿರುವ ಮಕ್ಕಳಿಗೆ ಗೊತ್ತಿರುವ ಇನ್ನೊಂದು ದಾನ ಬಿಸಿಯೂಟದ ಮೊಟ್ಟೆ. ಮೊದಲು ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಉಳಿದ ನಾಲ್ಕು ದಿನದ ಖರ್ಚನ್ನು ಮೂರು ವರ್ಷದ ಮಟ್ಟಿಗೆ ಹೊತ್ತುಕೊಂಡು, ವಾರಕ್ಕೆ ಆರು ದಿನವೂ ಮೊಟ್ಟೆ ಅಥವಾ ಬಾಳೆಹಣ್ಣು ಸಿಗುವಂತಾಯಿತು. ಈ ದುಡ್ಡು ಎಲ್ಲಿಂದ ಬರುತ್ತದೆ? ಪ್ರೇಮ್‌ಜಿಯವರು ಪ್ರತಿ ವರ್ಷ ಮನಸ್ಸಿಗೆ ಬಂದಷ್ಟು ಚೆಕ್ ಬರೆಯುವುದಲ್ಲ. ವಿಪ್ರೋ ಕಂಪನಿಯ ಷೇರುಗಳ ಆದಾಯವನ್ನು ಹಂತ ಹಂತವಾಗಿ ಫೌಂಡೇಶನ್ನಿಗೆ ಬಿಟ್ಟುಕೊಟ್ಟರು. 2019ರ ಮಾರ್ಚ್ ಹೊತ್ತಿಗೆ ಅದು ಕಂಪನಿಯ ಸುಮಾರು ಶೇ 67ರಷ್ಟು ಷೇರುಗಳ ಆದಾಯ ಆಗಿತ್ತು. ಹಿಂದಕ್ಕೆ ಪಡೆಯಲು ಬಾರದಂತೆ ಕೊಟ್ಟದ್ದು ಅದು. ಅವರ ತಾಯಿ ಡಾ. ಗುಲ್‌ಬಾನು ಪ್ರೇಮ್‌ಜಿ ಮುಂಬಯಿಯಲ್ಲಿ ಅಂಗವಿಕಲ ಮಕ್ಕಳ ಆಸ್ಪತ್ರೆಗಾಗಿ ದುಡಿದವರು. ಮನೆಯಲ್ಲಿ ನೋಡಿದ್ದು ಮಕ್ಕಳಿಗೆ ಬರುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ. ಹೆಣ್ಣುಮಕ್ಕಳ ಪೋಷಕರಿಗೆ ಒಂದು ಮಾತು. ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಹತ್ತನೆಯ ತರಗತಿ ಮತ್ತು ಪಿಯುಸಿ ಮುಗಿಸಿ ಪದವಿಗೆ ಸೇರಿದ ಹುಡುಗಿಯರಿಗೆ ಇದೇ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಿದೆ. ವಿಚಾರಿಸಿ, ಅರ್ಜಿ ಹಾಕಿಸಿ.

ಈಗ ನಮ್ಮ ಮಟ್ಟದ ದಾನಕ್ಕೆ, ಅಂದರೆ ದತ್ತಿ ಬಹುಮಾನಕ್ಕೆ ಬರೋಣ. ಇದು ನಮ್ಮಲ್ಲಿ ಬಹಳ ಪ್ರೀತಿಯ ಪದ್ಧತಿ. ಅಪ್ಪ ಅಮ್ಮನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡುತ್ತೇವೆ. ಅದರ ಬಡ್ಡಿಯಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ಮೊದಲು ಬಂದ ಹುಡುಗನಿಗೋ ಹುಡುಗಿಗೋ ಬಹುಮಾನ. ಯಾವ ಹಳೆಯ ಶಾಲೆಗಾದರೂ ಹೋಗಿ ನೋಡಿ, ಒಂದು ಕಾಲದಲ್ಲಿ ದೊಡ್ಡದಾಗಿದ್ದ ದತ್ತಿಯ ಬಡ್ಡಿ ಈಗ ಒಂದು ಪೆನ್ನಿಗೂ ನೋಟ್‌ಬುಕ್ಕಿಗೂ ಸಾಲದಂತಾಗಿರುತ್ತದೆ. ಯಾರೂ ಕದ್ದಿಲ್ಲ. ಬೆಲೆ ಏರಿಕೆ ತಿಂದು ಹಾಕಿದೆ, ಅಷ್ಟೆ.

ಒಂದು ಲೆಕ್ಕ ಹಾಕೋಣ. ಒಂದು ಲಕ್ಷ ರೂಪಾಯಿ ಇಟ್ಟಿದ್ದೀರಿ, ಬಡ್ಡಿ ಶೇ 7 ಎಂದುಕೊಳ್ಳಿ. ವರ್ಷಕ್ಕೆ 7,000 ಬರುತ್ತದೆ, ಅಷ್ಟನ್ನೂ ಬಹುಮಾನ ಕೊಡುತ್ತೀರಿ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ, 24 ವರ್ಷದ ಮೇಲೆ ಆ 7,000 ರೂಪಾಯಿಗೆ ಇವತ್ತಿನ ಸುಮಾರು 2,200 ರೂಪಾಯಿಯ ಸಾಮಾನು ಮಾತ್ರ ಸಿಗುತ್ತದೆ. ಅಸಲು ಒಂದು ಲಕ್ಷವೇ ಇರುತ್ತದೆ, ಅದರ ಬೆಲೆಯೂ ಹಾಗೆಯೇ ಕರಗಿರುತ್ತದೆ. ಇದರ ಬದಲು 4,000 ಬಹುಮಾನ ಕೊಟ್ಟು 3,000 ಅಸಲಿಗೆ ಸೇರಿಸುತ್ತ ಬಂದರೆ, 24 ವರ್ಷಕ್ಕೆ ಅಸಲು ಎರಡು ಲಕ್ಷ ದಾಟುತ್ತದೆ, ಬಹುಮಾನ 8,000 ಆಗುತ್ತದೆ. ಇದೂ ಬೆಲೆ ಏರಿಕೆಯನ್ನು ಪೂರ್ತಿ ಗೆಲ್ಲುವುದಿಲ್ಲ. ಹಾಗಾಗಿ ಪ್ರತಿ ತಲೆಮಾರಿನವರೂ ಸ್ವಲ್ಪ ಸೇರಿಸಬೇಕು. ಅಜ್ಜನ ದತ್ತಿಗೆ ಮೊಮ್ಮಗಳು ತನ್ನ ಮೊದಲ ಸಂಬಳದಲ್ಲಿ ಐದು ಸಾವಿರ ಸೇರಿಸಿದರೆ, ಅಂದಿನಿಂದ ಅದು ಅವಳ ದತ್ತಿಯೂ ಆಗುತ್ತದೆ. ಆಮೇಲೆ ಅವಳಿಗೆ ಯಾರೂ ನೆನಪಿಸಬೇಕಾಗಿಲ್ಲ.

ಎಲ್ಲ ದಾನವೂ ಶಾಶ್ವತವಾಗಿರಬೇಕು ಎಂದೇನೂ ಇಲ್ಲ. ಅಮೆರಿಕದಲ್ಲಿ ಜೂಲಿಯಸ್ ರೋಸನ್‌ವಾಲ್ಡ್ ಎಂಬ ವ್ಯಾಪಾರಿ ಇದ್ದರು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರ ಮಕ್ಕಳಿಗೆ ಸರಿಯಾದ ಶಾಲೆಗಳೇ ಇರಲಿಲ್ಲ. ಬೂಕರ್ ಟಿ. ವಾಷಿಂಗ್ಟನ್ ಅವರ ಜೊತೆ ಸೇರಿ ಶುರು ಮಾಡಿದ ಕೆಲಸದಿಂದ ಸುಮಾರು 5,000 ಶಾಲೆಗಳು ಎದ್ದವು. ಅವರದು ಎರಡು ನಿಯಮ. ಪೂರ್ತಿ ಹಣವನ್ನು ತಾವೇ ಕೊಡುತ್ತಿರಲಿಲ್ಲ, ಊರಿನವರೂ ಹಣವನ್ನೋ ದುಡಿಮೆಯನ್ನೋ ಹಾಕಬೇಕು, ಸರ್ಕಾರವೂ ಹಾಕಬೇಕು. ಎರಡನೆಯದು, ತಾವು ಸತ್ತ 25 ವರ್ಷದೊಳಗೆ ನಿಧಿಯ ಹಣವೆಲ್ಲ ಖರ್ಚಾಗಿ ಮುಗಿಯಬೇಕು. 1932ರಲ್ಲಿ ಅವರು ತೀರಿಕೊಂಡರು, 1948ಕ್ಕೆ ನಿಧಿ ಮುಗಿಯಿತು, ಶಾಲೆಗಳು ಉಳಿದವು. ನಿಮ್ಮ ಮನೆಯಲ್ಲಿ ಮುಂದೆ ನೋಡಿಕೊಳ್ಳುವವರು ಇರುತ್ತಾರೋ ಇಲ್ಲವೋ ಎಂಬ ಅನುಮಾನ ಇದ್ದರೆ, "ಹತ್ತು ವರ್ಷ, ವರ್ಷಕ್ಕೆ ಇಬ್ಬರು ಮಕ್ಕಳ ಕಾಲೇಜು ಫೀಸು" ಎಂದು ಬರೆದು ಕೊಡಿ. ಹತ್ತು ವರ್ಷ ಸರಿಯಾಗಿ ನಡೆದು ಮುಗಿದ ದಾನ, ನೂರು ವರ್ಷ ಹೆಸರಿಗೆ ಮಾತ್ರ ಇರುವ ದಾನಕ್ಕಿಂತ ಮೇಲು.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ನನ್ನ ಸಲಹೆಗಳು ಸರಳ.

ಮೊದಲನೆಯದು, ವರ್ಷಕ್ಕೊಂದು ದಿನ ಗೊತ್ತು ಮಾಡಿ. ಯುಗಾದಿ ಇರಬಹುದು, ಗೌರಿ ಹಬ್ಬ ಇರಬಹುದು, ಹಿರಿಯರ ತಿಥಿ ಇರಬಹುದು, ರಂಜಾನ್ ಅಥವಾ ಕ್ರಿಸ್‌ಮಸ್ ಇರಬಹುದು. ಎಲ್ಲರೂ ಸೇರುವ ದಿನ ಊಟ ಆದ ಮೇಲೆ ಅರ್ಧ ಗಂಟೆ ಕೂತು, ಈ ವರ್ಷ ಎಷ್ಟು ಕೊಟ್ಟೆವು, ಯಾರಿಗೆ ತಲುಪಿತು, ಮುಂದಿನ ವರ್ಷ ಏನು ಎಂದು ಮಾತಾಡಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಎರಡನೆಯದು, ಭಾಗ ಆಗುವಾಗ ದಾನಕ್ಕೂ ಒಂದು ಸಾಲು ಇರಲಿ. ನಮ್ಮ ಕಡೆ ಅಣ್ಣತಮ್ಮಂದಿರು ವಿಭಾಗ ಪತ್ರ ಬರೆಸುವಾಗ ದೇವರ ಕಾರ್ಯ ಯಾರ ಸರದಿ, ಹಿರಿಯರ ಕಾರ್ಯ ಯಾರು ಮಾಡಬೇಕು ಎಂದು ಮಾತಾಡಿಕೊಳ್ಳುವ ರೂಢಿ ಇದೆ. ಶಾಲೆಯ ದತ್ತಿ, ಜಾತ್ರೆಯ ಅರವಟ್ಟಿಗೆ, ಗುಂಡುತೋಪಿನ ಮರ, ಇವು ಯಾರ ಹೊಣೆ ಎಂಬುದನ್ನೂ ಅದರಲ್ಲೇ ಬರೆಸಿ. ಉಯಿಲು ಬರೆಯುವವರೂ ಇದನ್ನು ಸೇರಿಸಿ.

ಮೂರನೆಯದು, ಹೆಣ್ಣುಮಕ್ಕಳನ್ನೂ ಸೊಸೆಯರನ್ನೂ ಸೇರಿಸಿಕೊಳ್ಳಿ. ಮದುವೆಯಾಗಿ ಹೋದ ಅಕ್ಕ ತಂಗಿಯರಿಗೆ ತವರಿನ ಹೆಸರು ಉಳಿಸುವ ಆಸೆ ನಮಗಿಂತ ಹೆಚ್ಚಾಗಿರುತ್ತದೆ. ಯಾವ ಮನೆಯಲ್ಲಿ ಯಾವ ಮಗು ಓದು ಬಿಡುವ ಸ್ಥಿತಿಯಲ್ಲಿದೆ ಎಂಬುದೂ ಮನೆಯ ಹೆಂಗಸರಿಗೇ ಮೊದಲು ಗೊತ್ತಾಗುತ್ತದೆ.

ನಾಲ್ಕನೆಯದು, ಹುಡುಗರ ಕೈಗೆ ಒಂದು ಸಣ್ಣ ಪಾಲು ಕೊಟ್ಟು ಅವರೇ ತೀರ್ಮಾನ ಮಾಡಲಿ. ಹತ್ತು ಸಾವಿರದಲ್ಲಿ ಒಂದು ಸಾವಿರವನ್ನು ಯಾರಿಗೆ ಕೊಡಬೇಕೆಂದು ಮನೆಯ ಮಕ್ಕಳು ಹೇಳಲಿ. ಅಪ್ಪನಿಗೆ ಗುಡಿ ಮುಖ್ಯ, ಮಗನಿಗೆ ಲೈಬ್ರರಿ ಮುಖ್ಯ, ಮಗಳಿಗೆ ಬೀದಿ ನಾಯಿಗಳ ಚಿಕಿತ್ಸೆ ಮುಖ್ಯ ಆಗಬಹುದು. ಜಗಳ ಬೇಡ. ಮೂಲ ದತ್ತಿಯನ್ನು ಮುಟ್ಟದೆ, ಹೊಸದಾಗಿ ಸೇರುವ ಹಣದಲ್ಲಿ ಅವರವರ ಮನಸ್ಸಿನ ಕೆಲಸಕ್ಕೂ ಜಾಗ ಮಾಡಿಕೊಡಿ. ಬರೀ ಚೆಕ್ಕಿಗೆ ಸಹಿ ಹಾಕಿಸಿಕೊಂಡರೆ ಹುಡುಗರಿಗೆ ಅದು ಹೊರೆ, ತೀರ್ಮಾನದಲ್ಲಿ ಪಾಲು ಕೊಟ್ಟರೆ ಅದು ಅವರದೇ ಕೆಲಸ.

ಐದನೆಯದು, ಮನೆಯವರಲ್ಲದ ಒಬ್ಬರಾದರೂ ಲೆಕ್ಕ ನೋಡುವಂತಿರಲಿ. ದೊಡ್ಡ ಮೊತ್ತವಾದರೆ ಟ್ರಸ್ಟ್ ನೋಂದಣಿ ಮಾಡಿಸಿ, ಒಬ್ಬಿಬ್ಬರು ಹೊರಗಿನವರನ್ನು ಟ್ರಸ್ಟಿಗಳನ್ನಾಗಿ ಮಾಡಿ. ಸಣ್ಣ ದತ್ತಿಗೆ ಟ್ರಸ್ಟ್ ಬೇಕಾಗಿಲ್ಲ. ಒಂದು ಪುಟದ ದತ್ತಿ ಪತ್ರ ಸಾಕು. ಯಾರ ನೆನಪಿಗೆ, ಎಷ್ಟು ಹಣ, ಯಾವ ಬ್ಯಾಂಕು, ಬಡ್ಡಿಯಲ್ಲಿ ಎಷ್ಟು ಖರ್ಚು, ಎಷ್ಟು ಅಸಲಿಗೆ, ಆಯ್ಕೆ ಹೇಗೆ, ಮನೆಯ ಕಡೆಯಿಂದ ಯಾರನ್ನು ಸಂಪರ್ಕಿಸಬೇಕು, ಅವರಾದ ಮೇಲೆ ಯಾರು, ಶಾಲೆ ಮುಚ್ಚಿದರೆ ಅಥವಾ ಬೇರೆ ಶಾಲೆಯ ಜೊತೆ ಸೇರಿದರೆ ಹಣ ಎಲ್ಲಿಗೆ ಹೋಗಬೇಕು. ಇಷ್ಟೇ. ಕೊನೆಯ ಪ್ರಶ್ನೆ ಕೇಳಲು ಚೆನ್ನಾಗಿರುವುದಿಲ್ಲ, ಆದರೆ ಕೇಳಲೇಬೇಕು.

ಇದಕ್ಕೆ ಎರಡು ಆಕ್ಷೇಪಣೆ ಬರಬಹುದು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತಾರೆ, ನೀವು ಕಾಗದ, ಲೆಕ್ಕ ಅಂತೀರಲ್ಲ ಎಂದು ಹಿರಿಯರು ಕೇಳಬಹುದು. ಹಸಿದವರಿಗೆ ಊಟ ಹಾಕುವಾಗ ಆ ಮಾತು ಸರಿ. ಮುಂದಿನ ತಲೆಮಾರಿಗೂ ನಡೆಯಬೇಕಾದ ದಾನಕ್ಕೆ ಬರಹ ಬೇಕು. ಅದು ಅಪನಂಬಿಕೆ ಅಲ್ಲ, ನಾವು ಇಲ್ಲದ ಕಾಲದವರಿಗೆ ನಾವು ಹೇಳಿ ಹೋಗುವ ಮಾತು. ಇನ್ನೊಂದು, ಸರ್ಕಾರಿ ಶಾಲೆ ಸರ್ಕಾರದ ಹೊಣೆ ಅಲ್ಲವೇ ಎಂಬುದು. ಖಂಡಿತ ಹೌದು. ಮೇಷ್ಟ್ರು, ಕೊಠಡಿ, ಶೌಚಾಲಯ, ಪುಸ್ತಕ, ಇವನ್ನು ಸರ್ಕಾರದಿಂದ ಕೇಳಿ ಪಡೆಯಬೇಕು, ಬಿಡಬಾರದು. ನಮ್ಮ ದಾನ ಸರ್ಕಾರವನ್ನು ಹೊಣೆಯಿಂದ ಬಿಡಿಸುವುದಕ್ಕೆ ಆಗಬಾರದು. ಅದು ಹತ್ತನೆಯ ತರಗತಿ ಮುಗಿಸಿದ ಹುಡುಗಿ ದುಡ್ಡಿಲ್ಲದೆ ಮನೆಯಲ್ಲಿ ಕೂರದಂತೆ ನೋಡಿಕೊಳ್ಳಲಿ, ಸರ್ಕಾರದ ಆದೇಶ ತಲುಪದ ಕಡೆ ತಲುಪಲಿ.

ಶಾಲೆಯ ಕಡೆಯಿಂದಲೂ ಒಂದು ಕೆಲಸ ಆಗಬೇಕು ಎಂದು ವಿನಯದಿಂದ ಕೇಳಿಕೊಳ್ಳುತ್ತೇನೆ. ಸರ್ಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗುತ್ತಾರೆ, ಎಸ್‌ಡಿಎಂಸಿ ಬದಲಾಗುತ್ತದೆ. ಠೇವಣಿ ರಸೀದಿ ಯಾವ ಬೀರುವಿನಲ್ಲಿದೆ ಎಂದು ಹೊಸಬರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಶಾಲೆಯಲ್ಲಿ ಒಂದು ದತ್ತಿ ರಿಜಿಸ್ಟರ್ ಇರಲಿ, ಅಧಿಕಾರ ವಹಿಸಿಕೊಡುವಾಗ ಅದನ್ನೂ ಸಹಿ ಮಾಡಿ ಒಪ್ಪಿಸಲಿ. ವರ್ಷಕ್ಕೊಮ್ಮೆ, ಬಹುಮಾನ ಯಾರಿಗೆ ಹೋಯಿತು ಎಂದು ದತ್ತಿ ಇಟ್ಟ ಮನೆಗೆ ಒಂದು ಕಾಗದ ಬರಲಿ. ಬಹುಮಾನ ಪಡೆದ ಮಗುವಿನಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು, ಆದರೆ ಅದರಲ್ಲಿ ಬಡತನದ ವರ್ಣನೆ ಬೇಡ. ಮಗು ತಾನು ಏನು ಓದುತ್ತಿದ್ದೇನೆ, ಮುಂದೆ ಏನಾಗಬೇಕೆಂದಿದ್ದೇನೆ ಎಂದು ಬರೆಯಲಿ. ಸಹಾಯ ಪಡೆಯುವ ಮಗುವನ್ನು ವೇದಿಕೆಗೆ ಕರೆದು ಕಷ್ಟ ಹೇಳಿಸುವುದು ದಾನಕ್ಕೆ ಶೋಭೆಯಲ್ಲ. ಅಂಕಕ್ಕೆ ಬಹುಮಾನ ವೇದಿಕೆಯ ಮೇಲೆ ಕೊಡೋಣ, ಫೀಸಿನ ಸಹಾಯ ಕಚೇರಿಯಲ್ಲಿ ಸದ್ದಿಲ್ಲದೆ ಕೊಡೋಣ.

ಹಳೆಯ ವಿದ್ಯಾರ್ಥಿಗಳ ಸಂಘದ ಗೆಳೆಯರಿಗೆ ನನ್ನ ಕೋರಿಕೆ ಒಂದೇ. ಈ ಮಹೋತ್ಸವದಲ್ಲಿ ಎಷ್ಟು ಲಕ್ಷ ಸೇರಿತು ಎಂಬುದನ್ನು ಇಂದು ಘೋಷಿಸುತ್ತೇವೆ, ಚಪ್ಪಾಳೆ ಬೀಳುತ್ತದೆ. ಅದರ ಜೊತೆಗೆ ಎಷ್ಟು ದತ್ತಿ ಪತ್ರಗಳು ಬರೆದು ಮುಗಿದವು, ಎಷ್ಟು ಮನೆಗಳಲ್ಲಿ ಮುಂದಿನ ತಲೆಮಾರಿನ ಹೆಸರು ಆ ಪತ್ರದಲ್ಲಿದೆ ಎಂಬುದನ್ನೂ ಮುಂದಿನ ವರ್ಷದ ವಾರ್ಷಿಕೋತ್ಸವದಲ್ಲಿ ಓದಿ ಹೇಳೋಣ. ಮೊತ್ತ ಚಿಕ್ಕದಾದರೂ ಚಿಂತೆಯಿಲ್ಲ. ಒಂದೇ ತರಗತಿಯಲ್ಲಿ ಓದಿದ ಇಪ್ಪತ್ತು ಜನ ತಿಂಗಳಿಗೆ ಇನ್ನೂರು ರೂಪಾಯಿಯಂತೆ ಹಾಕಿದರೆ ವರ್ಷಕ್ಕೆ 48,000 ಆಗುತ್ತದೆ. ದುಡ್ಡಿಲ್ಲದೆ ಕಾಲೇಜು ಬಿಡುವ ಹುಡುಗಿಯರಲ್ಲಿ ಕೆಲವರಾದರೂ ಓದು ಮುಂದುವರಿಸುವುದಕ್ಕೆ ಅಷ್ಟು ಸಾಕು.

ಈ ಸಂಚಿಕೆಯನ್ನು ಜೋಪಾನವಾಗಿ ಇಟ್ಟುಕೊಳ್ಳುವ ಮಕ್ಕಳಲ್ಲಿ ಕೆಲವರು ಶತಮಾನೋತ್ಸವಕ್ಕೂ ಬರುತ್ತೀರಿ. ಆಗ ಇವತ್ತಿನ ದಾನಿಗಳ ಪಟ್ಟಿಯನ್ನು ತೆರೆದು, ಒಂದೊಂದು ಹೆಸರಿನ ಮುಂದೆಯೂ "ಈಗಲೂ ನಡೆಯುತ್ತಿದೆ" ಅಥವಾ "ಹೇಳಿದಷ್ಟು ವರ್ಷ ನಡೆದು ಮುಗಿಯಿತು" ಎಂದು ಬರೆಯುವಂತಾಗಲಿ. ಅದಕ್ಕೆ ಬೇಕಾದ ಕಾಗದವನ್ನು ಈ ವರ್ಷವೇ ಬರೆಯೋಣ.